ಸಿನಿಮಾದಲ್ಲಿ ಆರಾಮಾದವಳು

ಪುಸ್ತಕ ಓದದೆಯೇ ಅದರ ಬಗ್ಗೆ ಅಧಿಕಾರದಿಂದ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಅಂಥವರನ್ನು ಹಿಂದಿನ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಬೈದವನು ನಾನು. ಈಗ ನೋಡಿದರೆ ನಾನೇ ಆ ಗುಂಪಿಗೆ ಬಡ್ತಿ ಹೊಂದಿದ್ದೇನೆ. ನನ್ನ ಮಗಳು ಪಲ್ಲವಿ ಓದುವ ಇಂಗ್ಲಿಷ್ ಕಾದಂಬರಿಗಳಲ್ಲಿ ಒಂದನ್ನೂ ನಾನು ಓದಿಲ್ಲ. ಆದರೆ ಅವುಗಳಲ್ಲಿ ಯಾವುದಕ್ಕೆಲ್ಲ ಸಿನಿಮಾ ಆಗಿದೆಯೋ ಅದನ್ನೆಲ್ಲ ಹಿಂದಿ ಡಬ್ಬಿಂಗಿನಲ್ಲಿ ಮೊಬೈಲಿನ ಮೇಲೆ ನೋಡಿದ್ದೇನೆ, ಅದೂ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು.

ಕ್ರೇನ್ ನನ್ನದೇ. ಹಾಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಏರಲಿ ಬಿಡಿ. ಏಳನೆಯ ತರಗತಿಗೆ ಶಾಲೆ ಬಿಟ್ಟು ಸಿಂದಗಿ ಕಡೆಯ ಹಳ್ಳಿಯಿಂದ ಬಂದವನು ನಾನು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಮೊದಲು ಹೆಗಲ ಮೇಲೆ ಹೊತ್ತೆ, ಆಮೇಲೆ ಕ್ರೇನಿನ ಕೊಕ್ಕೆಗೆ ಸರಪಳಿ ಸಿಕ್ಕಿಸಿದೆ, ಆಮೇಲೆ ಬೇರೆಯವರ ಕ್ರೇನ್ ಓಡಿಸಿದೆ, ಕೊನೆಗೆ ಸ್ವಂತದ್ದಾಯಿತು. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಇಂಗ್ಲಿಷ್ ಅಕ್ಷರ ಕಲಿಸಿದ ಗುರುಗಳೆಂದರೆ ಲಾರಿಗಳ ನಂಬರ್ ಪ್ಲೇಟುಗಳು ಮತ್ತು ತೊಲೆಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಗುರುತುಗಳು. ಹಾಗಾಗಿ ಅಕ್ಷರಗಳನ್ನು ಒಂಟಿ ಒಂಟಿಯಾಗಿ ಹಿಡಿಯಬಲ್ಲೆ. ಅವು ಗುಂಪು ಕಟ್ಟಿಕೊಂಡು ವಾಕ್ಯವಾಗಿ ಬಂದರೆ ನನ್ನ ಕೈಗೆ ಸಿಗುವುದಿಲ್ಲ. ಕನ್ನಡವನ್ನು ಮಾತ್ರ ಹಸಿದವನ ಹಾಗೆ ಓದುತ್ತೇನೆ. ಸಂಘದ ಕಪಾಟಿನಲ್ಲಿ ನಾನು ಮುಟ್ಟದ ಕಾದಂಬರಿಗಳೆಂದರೆ ಗೆದ್ದಲು ಮೊದಲು ಮುಟ್ಟಿದವು ಮಾತ್ರ.

ಪಲ್ಲವಿಯ ಪುಸ್ತಕಗಳು ಸ್ಟೇಷನ್ ಹತ್ತಿರದ ವಾಚನಾಲಯದಿಂದ ಬರುತ್ತವೆ. ಅವುಗಳ ಹೊದಿಕೆಯನ್ನು ನೋಡುವುದೇ ಒಂದು ಪಾಠ. ಸಿನಿಮಾ ಆಗುವ ಮೊದಲು ಅಚ್ಚಾದ ಪ್ರತಿಯ ಮೇಲೆ ಒಂದು ಖಾಲಿ ಕುರ್ಚಿಯೋ, ಒಂದು ಮರವೋ, ಬೆನ್ನು ತಿರುಗಿಸಿ ನಿಂತ ಹುಡುಗಿಯೋ ಇರುತ್ತಾಳೆ. ಸಿನಿಮಾ ಆದ ಮೇಲೆ ಅಚ್ಚಾದದ್ದರ ಮೇಲೆ ನಟ ನಟಿಯರು ಹಲ್ಲು ಕಿರಿಯುತ್ತಾರೆ. ಗಂಡನ ಮನೆಗೆ ಹೋದದ್ದೇ ಹೆಸರು ಬದಲಿಸಿಕೊಂಡು ಬರುತ್ತಿದ್ದ ನಮ್ಮ ಕಡೆಯ ಹುಡುಗಿಯರ ಹಾಗೆ, ಪುಸ್ತಕವೂ ಸಿನಿಮಾದ ಮನೆಗೆ ಹೋಗಿ ತನ್ನ ಮುಖ ಬಿಟ್ಟು ಬರುತ್ತದೆ. ನನಗಂತೂ ಅದರಿಂದ ಉಪಕಾರವೇ ಆಗಿದೆ. ನಟರ ಮುಖ ಕಂಡರೆ ಇದಕ್ಕೆ ಸಿನಿಮಾ ಉಂಟು ಎಂದು ತಿಳಿಯುತ್ತದೆ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಒತ್ತಿದರೆ ಸಾಕು, ಕಥೆ ತಾನಾಗಿ ಹಿಂದಿ ಮಾತಾಡುತ್ತಾ ಬರುತ್ತದೆ.

ಇವು ಹರೆಯದವರಿಗಾಗಿಯೇ ಬರೆದ ಕಾದಂಬರಿಗಳಂತೆ. ಚಿಕ್ಕವರಿಗೂ ಅಲ್ಲ, ದೊಡ್ಡವರಿಗೂ ಅಲ್ಲ, ನಡುವಿನವರಿಗೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಅಸೂಯೆಯಾಯಿತು ಎಂದರೆ ನಗಬೇಡಿ. ಆ ನಡುವಿನ ವಯಸ್ಸು ನನ್ನ ಪಾಲಿಗೆ ಬರಲೇ ಇಲ್ಲ. ನಾನು ಹುಡುಗನಾಗಿದ್ದೆ, ಮರುದಿನ ಹಮಾಲನಾಗಿದ್ದೆ; ನಡುವೆ ಕೂತು ಕಾಯಲು ಒಂದು ಪ್ಲಾಟ್‌ಫಾರ್ಮ್ ಕೂಡ ಇರಲಿಲ್ಲ. ಈ ಸಿನಿಮಾಗಳಲ್ಲಿ ಗಡ್ಡ ಬೋಳಿಸಿದ ಗಂಡಸರು ತಾವು ಹದಿನಾರರ ಹುಡುಗರು ಎಂದು ಹೇಳಿಕೊಂಡು ಚೀಲ ಹೆಗಲಿಗೆ ಹಾಕಿ ಶಾಲೆಗೆ ಹೋಗುತ್ತಾರೆ. ನಾನು ಮೀಸೆ ಮೂಡುವ ಮೊದಲೇ ಕೂಲಿಗೆ ಜನ ಹಚ್ಚುವ ಮುಕಾದಮನ ಎದುರು ಎದೆ ಉಬ್ಬಿಸಿ ಹದಿನೆಂಟು ತುಂಬಿದೆ ಎಂದಿದ್ದೆ. ಸುಳ್ಳು ಎರಡೂ ಕಡೆ ಒಂದೇ. ಅವರಿಗೆ ಅದಕ್ಕೆ ಬಹುಮಾನ ಕೊಡುತ್ತಾರೆ.

ಇನ್ನು ಈ ಕಥೆಗಳಲ್ಲಿ ತಂದೆ ತಾಯಿಯರಿಗೆ ಆಗುವ ಅನ್ಯಾಯವನ್ನು ಯಾರ ಮುಂದೆ ಹೇಳುವುದು? ಹುಡುಗರು ಸಾಹಸ ಮಾಡಬೇಕಾದರೆ ಮನೆಯಲ್ಲಿ ಕೇಳುವವರು ಇರಬಾರದು. ಅದಕ್ಕಾಗಿ ಬರೆಯುವವರು ನಮ್ಮನ್ನು ಮೊದಲ ಪುಟಗಳಲ್ಲೇ ಅಪಘಾತದಲ್ಲಿ ಮುಗಿಸುತ್ತಾರೆ, ಇಲ್ಲವೆ ಕಾಯಿಲೆ ಬೀಳಿಸುತ್ತಾರೆ, ಏನೂ ತೋಚದಿದ್ದರೆ ಬುದ್ಧಿ ಕಡಿಮೆಯವರನ್ನಾಗಿ ಮಾಡಿ ಸೋಫಾದ ಮೇಲೆ ಕೂರಿಸುತ್ತಾರೆ. ಮೊದಮೊದಲು ಇದನ್ನೆಲ್ಲ ನೋಡಿ ನಗುತ್ತಿದ್ದೆ. ಕಳೆದ ದೀಪಾವಳಿಯ ನಂತರ ನಗುವುದು ನಿಂತಿತು.

ದೀಪಾವಳಿ ಮುಗಿದ ವಾರ ನಾನೂ ನನ್ನ ಹೆಂಡತಿ ಕಸ್ತೂರಿಯೂ ಸೀವುಡ್ಸ್ ಕಡೆಯ ಆಸ್ಪತ್ರೆಗೆ ಹೋಗಿದ್ದೆವು. ಅವಳ ಹೊಟ್ಟೆಯ ಗಡ್ಡೆಯನ್ನು ಹಿಂದಿನ ವರ್ಷ ತೆಗೆಸಿದ್ದೆವು. ಅದು ಮತ್ತೆ ಬಂದಿದೆ ಎಂದು ಡಾಕ್ಟರ್ ಮೇಡಂ ಹೇಳಿದರು. ಈ ಸಲ ತೆಗೆಯಲು ಬರುವುದಿಲ್ಲ, ಔಷಧ ಏರಿಸಿ ತಡೆದು ಹಿಡಿಯಬಹುದು ಎಂದರು. ಅವರು ಮರಾಠಿಯಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುವವರು. ಅಷ್ಟು ದಿನ ಆ ಇಂಗ್ಲಿಷನ್ನು ನಮಗೆ ಬಿಡಿಸಿ ಹೇಳುತ್ತಿದ್ದವಳು ಪಲ್ಲವಿ. ಆ ದಿನ ಅವಳಿಗೆ ಕಾಲೇಜಿತ್ತು. ಆದ್ದರಿಂದ ನಾವಿಬ್ಬರೇ ಇದ್ದೆವು. ಅರ್ಥವಾಗದ ಮಾತು ಬಹಳ ಇತ್ತು. ಅರ್ಥವಾದದ್ದೇ ನಮಗೆ ಹೆಚ್ಚಾಯಿತು.

ಹೊರಗೆ ಬಂದು ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದಳು. "ಪಲ್ಲವಿಗೆ ಹೇಳಬ್ಯಾಡ್ರಿ. ಆಕಿ ಬಾರಾವಿ ಪರೀಕ್ಷಾ ಮುಗೀಲಿ." ಬಾರಾವಿ ಎಂದರೆ ಹನ್ನೆರಡನೆಯ ತರಗತಿ. ನಮ್ಮ ಜನರಲ್ಲಿ ಇದು ಹೊಸದಲ್ಲ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಅಜ್ಜ ತೀರಿದ್ದನ್ನೂ ಕೊನೆಯ ಪೇಪರ್ ಮುಗಿದ ಮೇಲೆ ಹೇಳಿದ ಮನೆಗಳನ್ನು ಕಂಡಿದ್ದೇನೆ. ಓದುವ ಮಕ್ಕಳ ಸುತ್ತ ನಾವು ಬಟ್ಟೆಯ ಪರದೆ ಕಟ್ಟುತ್ತೇವೆ. ಅದರಾಚೆ ಮನೆ ಬಿದ್ದರೂ ಸದ್ದಾಗಬಾರದು. ನಾನು ಒಪ್ಪಿದೆ. ಮನೆಗೆ ಬಂದು ಪಲ್ಲವಿಗೆ, ಎಲ್ಲ ಕ್ಲಿಯರ್ ಇದೆಯಂತೆ, ಒಂದಿಷ್ಟು ಶಕ್ತಿ ಬರಲು ಸಲಾಯಿನ್ ಏರಿಸುತ್ತಾರಂತೆ ಎಂದೆ. ಜೋಳದ ರೊಟ್ಟಿ ಬಡಿದು ಊರ ಕಡೆಯಿಂದ ದುಡಿಯಲು ಬಂದ ಹುಡುಗರ ಕೋಣೆಗಳಿಗೆ ಮಾರುತ್ತಿದ್ದ ಕಸ್ತೂರಿ, ಮಗಳ ಓದಿಗೆ ಸದ್ದಾಗುತ್ತದೆ ಎಂದು ಹೇಳಿ ರೊಟ್ಟಿ ನಿಲ್ಲಿಸಿದಳು. ಹೀಗೆ ನಾವಿಬ್ಬರೂ ಸೇರಿ ಮನೆಯೊಳಗೆ ಒಂದು ಸಿನಿಮಾ ತೆಗೆಯಲು ಶುರು ಮಾಡಿದೆವು. ಕಥೆ ಕಸ್ತೂರಿಯದು, ಮಾತು ನನ್ನದು, ನೋಡುವವಳು ಒಬ್ಬಳೇ.

ಪುಸ್ತಕ ಮೇಲೋ ಸಿನಿಮಾ ಮೇಲೋ ಎಂಬ ಜಗಳವನ್ನು ಓದಿದವರು ಬಹಳ ಆಡುತ್ತಾರೆ. ಕ್ಯಾಬಿನ್ನಿನಲ್ಲಿ ಕೂತು ನಾನು ಯೋಚಿಸಿದ್ದು ಇಷ್ಟು. ಪುಸ್ತಕವನ್ನು ಒಬ್ಬ ಮನುಷ್ಯ ಒಬ್ಬನೇ ಕೂತು ಬರೆಯುತ್ತಾನೆ. ಒಬ್ಬನೇ ಇರುವವನಿಗೆ ಅಳಲು ಯಾರ ಹಂಗೂ ಇಲ್ಲ. ಸಿನಿಮಾವನ್ನು ಒಂದು ಜಾತ್ರೆಯಷ್ಟು ಜನ ಸೇರಿ ಮಾಡುತ್ತಾರೆ; ಒಂದು ಸಭಾಗೃಹದಷ್ಟು ಜನ ಸೇರಿ ನೋಡುತ್ತಾರೆ. ಗುಂಪಿಗೆ ದುಃಖ ತಡೆಯುವುದಿಲ್ಲ. ಗುಂಪಿನಲ್ಲಿ ಯಾರಾದರೊಬ್ಬ, ಇಷ್ಟು ಸಾಕು, ಸಾಯಲಿರುವ ಆ ಹುಡುಗಿಯನ್ನು ಬದುಕಿಸಿ ಎಂದುಬಿಡುತ್ತಾನೆ.

ನಮ್ಮ ಊರಿನ ದೊಡ್ಡಾಟದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಯುದ್ಧದಲ್ಲಿ ಎಳೆಯ ವೀರನೊಬ್ಬ ಬಾಣ ತಿಂದು ಬಿದ್ದ. ಭುಜಕೀರ್ತಿ ಒಂದು ಕಡೆ, ಅವನು ಒಂದು ಕಡೆ. ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದಾಗ ಮುಂದೆ ಕೂತಿದ್ದ ಗೌಡರು ಎದ್ದು, ಹುಡುಗನ ಪದ ಚೆನ್ನಾಗಿತ್ತು ಎಂದು ಶಾಲು ಹಾಕಿ ಆಯೇರಿ ಮಾಡಿ, ಅದನ್ನೇ ಇನ್ನೊಮ್ಮೆ ಹಾಡಬೇಕೆಂದು ಕೇಳಿಕೊಂಡರು. ಸತ್ತವನು ಎದ್ದ, ಧೋತರದ ಧೂಳು ಕೊಡವಿದ, ಗೌಡರು ಹಾಕಿದ ಶಾಲು ಹೊದ್ದು ಪದವನ್ನು ಮೊದಲಿನಿಂದ ಹಾಡಿ, ಶಾಲು ಮಡಚಿಟ್ಟು ಮತ್ತೆ ಸತ್ತ. ಯಾರೂ ನಗಲಿಲ್ಲ. ಎರಡನೆಯ ಸಲ ಸತ್ತಾಗ ಹೆಂಗಸರು ಮತ್ತೆ ಅಷ್ಟೇ ಅತ್ತರು. ಬದುಕಿಸಲು ಬಂದರೆ ಯಾರು ಬಿಡುತ್ತಾರೆ? ಸಿನಿಮಾದವರನ್ನು ನಾನು ಬೈಯುವುದಿಲ್ಲ. ಅವರೂ ಆ ಗೌಡರ ಪೈಕಿಯೇ.

ಜನವರಿಯಲ್ಲಿ ಪಲ್ಲವಿ ಒಂದು ಹೊಸ ಕಾದಂಬರಿ ತಂದಳು. ಓದಬೇಕಾದ ಪಠ್ಯ ಬಿಟ್ಟು ಇದೇನು ಎಂದು ಕೇಳಿದ್ದಕ್ಕೆ, ಊಟದ ನಂತರ ಎರಡು ಪುಟ ಓದಿದರೆ ತಲೆ ಹಗುರಾಗುತ್ತದೆ ಎಂದಳು. ಹೊದಿಕೆಯ ಮೇಲೆ ಹಿಮ ಮುಚ್ಚಿದ ರಸ್ತೆ, ಹಳದಿ ಶಾಲಾ ಬಸ್ಸು, ಸ್ಟೇರಿಂಗ್ ಹಿಡಿದ ಒಬ್ಬ ನಟಿ. ಅದು ಚಳಿ ದೇಶದ ಸಣ್ಣ ಊರೊಂದರಲ್ಲಿ ಶಾಲೆಯ ಬಸ್ಸು ಓಡಿಸುವ ಹೆಂಗಸಿನ ಕಥೆ ಎಂದೂ, ಹೇಳುವವಳು ಅವಳ ಮಗಳು ಎಂದೂ ಪಲ್ಲವಿ ಮೊದಲ ದಿನವೇ ಹೇಳಿದಳು. ನನ್ನ ಹಾಗೆ ದೊಡ್ಡ ಗಾಡಿ ಓಡಿಸುವ ನಾಯಕಿ ಎಂದು ನನಗೂ ಹುರುಪು ಬಂತು. ಕೆಲವು ದಿನ ಪುಸ್ತಕ ಮುಂದೆ ಸಾಗಿತು. ಎಲ್ಲಿಯವರೆಗೆ ಓದಿದ್ದಾಳೆ ಎಂಬುದಕ್ಕೆ ಅವಳು ತಲೆಗೆ ಹಾಕುವ ಕ್ಲಿಪ್ಪನ್ನು ಪುಟಕ್ಕೆ ಸಿಕ್ಕಿಸುತ್ತಿದ್ದಳು. ಆಮೇಲೆ ಒಂದು ದಿನ ಕ್ಲಿಪ್ಪು ನಿಂತಿತು. ಪುಸ್ತಕ ಫ್ರಿಜ್ಜಿನ ಮೇಲೆ ಹತ್ತಿತು. ದಿನಗಳು ಹೋದರೂ ಇಳಿಯಲಿಲ್ಲ.

ಏನಾಯಿತೆಂದು ಕೇಳಿದೆ. ಬಸ್ಸಿನ ಹೆಂಗಸಿಗೆ ಕಾಯಿಲೆಯಾಗಿದೆ, ಅವಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಮುಂದಿನದನ್ನು ಓದಲು ಮನಸ್ಸಾಗುತ್ತಿಲ್ಲ ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದಳು. ಈ ಹುಡುಗಿ ಇಲ್ಲಿಯೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುತ್ತಾಳೆ. ಕನ್ನಡ ಬರುವುದು ಸಿಟ್ಟು ಬಂದಾಗ ಮಾತ್ರ, ಏಕೆಂದರೆ ಅವಳು ಬೈಸಿಕೊಂಡದ್ದೆಲ್ಲ ತಾಯಿಯ ಕನ್ನಡದಲ್ಲಿ.

ಅವಳಿಗೆ ಸಂಶಯ ಹುಟ್ಟಿದೆ, ಇಲ್ಲವೆ ಹುಟ್ಟುತ್ತಿದೆ. ಆ ಕ್ಲಿಪ್ಪು ಮುಂದೆ ಸರಿದರೆ ಅವಳ ಮನಸ್ಸು ಪರೀಕ್ಷೆಯವರೆಗೆ ನಿರಾಳವಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನವೇ ಆ ಸಿನಿಮಾ ಹುಡುಕಿ, ಲಾರಿಗಳು ಸಾಲು ಹಚ್ಚಿ ನಿಂತಿದ್ದ ಮಧ್ಯಾಹ್ನ ಕ್ಯಾಬಿನ್ನಿನ ಗಾಜು ಏರಿಸಿ ನೋಡಲು ಕೂತೆ.

ನನ್ನ ಕ್ರೇನಿಗೆ ಸರಪಳಿ ಕಟ್ಟುವವನು ಲಕ್ಕಪ್ಪ, ರಾಯಚೂರಿನವನು, ನನಗಿಂತ ಹಿರಿಯ. ಅವನು ಬೀಡಿ ಸೇದಲು ಬಂದು ಗಾಜಿನಿಂದ ಇಣುಕಿದ. ನನ್ನ ಕಣ್ಣು ಒದ್ದೆಯಾಗಿತ್ತು.

"ಏನಲೇ ಮಾಲಕ, ಸಾಲಿ ಹುಡುಗ್ರ ಪಿಚ್ಚರ್ ನೋಡಿ ಅಳಾಕತ್ತಿಯಲ್ಲ," ಎಂದ. "ನಿನ್ನ ಕೈಯಾಗ ಎಂಟು ಟನ್ನಿನ ಕಾಯಿಲ್ ಕೊಟ್ಟು ನಾ ಕೆಳಗ ನಿಂದರಬೇಕು. ಕಣ್ಣು ಒರಸಿಕೋ ಮೊದಲ."

ಕಾಯಿಲ್ ಎಂದರೆ ಸುರುಳಿ ಸುತ್ತಿದ ಕಬ್ಬಿಣದ ಹಾಳೆ. ಜಾರಿದರೆ ಕೆಳಗಿದ್ದವನ ಗುರುತು ಸಿಗುವುದಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕಣ್ಣು ಒರೆಸಿಕೊಂಡು ಉಳಿದದ್ದನ್ನು ಮರುದಿನ ನೋಡಿದೆ. ಸಿನಿಮಾದ ಕೊನೆಯಲ್ಲಿ ಆ ತಾಯಿ ಆರಾಮಾಗಿ ಬರುತ್ತಾಳೆ. ತಲೆಗೆ ಬಣ್ಣದ ಟೋಪಿ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ, ಹಿಮದ ಮೇಲೆ ಬಿಸಿಲು ಬೀಳುತ್ತದೆ, ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ನಾನು ಕ್ಯಾಬಿನ್ನಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ ಎಂದು ಹೇಳಿದರೆ ನೀವು ನಂಬಬೇಕು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಕ್ರೇನ್ ಓಡಿಸುವವನಿಗೆ ಎತ್ತಿದ ಸಾಮಾನು ಇಳಿಯುವ ಜಾಗ ಎಷ್ಟೋ ಸಲ ಕಾಣುವುದಿಲ್ಲ. ಲಾರಿಯ ಆಚೆ ಬದಿಗೆ ಏನಿದೆ, ಯಾರಿದ್ದಾರೆ, ಒಂದೂ ತಿಳಿಯದು. ಅಲ್ಲಿ ನಿಂತ ಲಕ್ಕಪ್ಪ ಕೈ ಎತ್ತಿ ಬೆರಳು ತಿರುಗಿಸುತ್ತಾನೆ, ನಾನು ಆ ಕೈಯನ್ನು ನಂಬಿ ಇಳಿಸುತ್ತೇನೆ. ನಂಬದಿದ್ದರೆ ಒಂದು ದಿನವೂ ಕೆಲಸ ನಡೆಯುವುದಿಲ್ಲ. ನನಗೆ ಕಾಣದ ಆ ಪುಸ್ತಕದ ವಿಷಯದಲ್ಲೂ ನಾನು ಅದನ್ನೇ ಮಾಡಿದೆ. ಸಿನಿಮಾ ಕೈ ತೋರಿಸಿತು, ನಾನು ಇಳಿಸಿದೆ. ಕೆಳಗೆ ನನ್ನ ಮಗಳು ನಿಂತಿದ್ದಳು.

ಆ ಶನಿವಾರ ಸಂಜೆ ಫ್ರಿಜ್ಜಿನ ಮೇಲಿಂದ ಪುಸ್ತಕ ತೆಗೆದು ಅವಳ ಮುಂದೆ ಇಟ್ಟೆ. "ಓದು ಯವ್ವಾ, ಅಂಜಬ್ಯಾಡ. ಆಕಿ ಅವ್ವ ಆರಾಮಾಗಿ ಬರ್ತಾಳ," ಎಂದೆ. ನನಗೆ ಹೇಗೆ ಗೊತ್ತು ಎಂದು ಅವಳು ಹುಬ್ಬು ಎತ್ತಿ ಕೇಳಿದಳು. ಗೊತ್ತು ಎಂದೆ, ಮೀಸೆಯ ಮೇಲೆ ಕೈ ಹಾಕಿಕೊಂಡು. ಅಡುಗೆಮನೆಯಿಂದ ಕಸ್ತೂರಿ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅಂಥ ನೋಟ ನನಗೆ ಆಗಾಗ ಸಿಕ್ಕಿದ್ದಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಲ್ಲವಿ ಕಿಟಕಿಯ ಬಳಿ ಕೂತು ಓದಿದಳು. ನಾನು ಪೇಪರ್ ಹಿಡಿದು ಪೇಪರಿನ ಮೇಲಿಂದ ಅವಳ ಮುಖ ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪುಟ ತಿರುಗಿಸುವುದು ನಿಂತಿತು. ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟು ಕೂತಳು. ಆಮೇಲೆ ಎದ್ದು ನನ್ನ ಎದುರಿಗೆ ಬಂದು ನಿಂತು ಕನ್ನಡದಲ್ಲಿ ಮಾತಾಡಿದಳು.

"ಪಪ್ಪಾ, ಆಕಿ ಸತ್ತಳು."

ಸಿನಿಮಾದಲ್ಲಿ ಹಾಗಿಲ್ಲ ಎಂದು ನನ್ನ ಬಾಯಿಂದ ಬಂದುಹೋಯಿತು.

"ನೀ ಪಿಚ್ಚರ್ ನೋಡೇ ಹೇಳಾಕತ್ತಿ ಅಂತ ನಂಗ ಗೊತ್ತಿತ್ತು. ಆದ್ರೂ ನಂಬಿದೆ," ಎಂದಳು. ದನಿ ಏರಿರಲಿಲ್ಲ. "ಡಾಕ್ಟರ್ ಮೇಡಂ ಹೇಳಿದ್ದನ್ನೂ ಹಿಂಗ ಹೇಳೀಯೇನು? ಅವ್ವ ಕ್ಲಿಯರ್ ಅದಾಳ ಅಂದದ್ದು, ಅದೂ ಪಿಚ್ಚರ್ ಏನು?"

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಯಾವ ಭಾರವನ್ನು ಬೇಕಾದರೂ ಎತ್ತುತ್ತೇನೆ ಎಂದು ಮಾರ್ಕೆಟ್ಟಿನಲ್ಲಿ ಎದೆ ತಟ್ಟಿಕೊಳ್ಳುವವನು ನಾನು. ಆ ನಾಲ್ಕು ಶಬ್ದಗಳನ್ನು ಎತ್ತಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು.

"ಗಡ್ಡಿ ತಿರುಗಿ ಬಂದೈತಿ ಯವ್ವಾ," ಎಂದೆ.

ಕಸ್ತೂರಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನನ್ನ ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ನನ್ನನ್ನೇ ಬೈದಳು. ದೀಪಾವಳಿಯಿಂದ ನಿಲ್ಲಿಸಿಕೊಂಡಿದ್ದೆನಲ್ಲ ಎಂದು ನಾನು ಹೇಳಲಿಲ್ಲ. ಪಲ್ಲವಿ ಅಳುತ್ತಾಳೆ ಎಂದುಕೊಂಡಿದ್ದೆವು. ಅವಳು ಪ್ರಶ್ನೆ ಕೇಳಿದಳು. ಗಡ್ಡೆ ಎಷ್ಟು ದೊಡ್ಡದಿದೆ, ಬೇರೆ ಕಡೆ ಹೋಗಿದೆಯೋ, ಯಾವ ಔಷಧ, ಅದು ಕೆಲಸ ಮಾಡದಿದ್ದರೆ ಆಮೇಲೆ ಏನು. ಮಗಳಿಗೆ ಹೇಳಬಾರದು ಎಂಬ ಗಡಿಬಿಡಿಯಲ್ಲಿ, ಔಷಧ ಏರಿಸಲು ಹೋದಾಗಲೂ ನಾವು ಡಾಕ್ಟರರಿಗೆ ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಬಚ್ಚಿಟ್ಟದ್ದು ಏನು ಎಂಬುದೇ ಬಚ್ಚಿಟ್ಟವರಿಗೆ ಗೊತ್ತಿರಲಿಲ್ಲ. ಮುಂದಿನ ಸಲ ತಾನೂ ಬರುತ್ತೇನೆ ಎಂದಳು. ಪರೀಕ್ಷೆ ಎಂದು ಕಸ್ತೂರಿ ಬಾಯಿ ತೆರೆದಳು. ಪರೀಕ್ಷೆಯನ್ನೂ ಬರೆಯುತ್ತೇನೆ, ಆಸ್ಪತ್ರೆಗೂ ಬರುತ್ತೇನೆ ಎಂದು ಪಲ್ಲವಿ ಆ ಮಾತನ್ನು ಅಲ್ಲಿಗೇ ಮುಗಿಸಿದಳು. ಆ ರೀತಿಯ ಮೊಂಡುತನ ಎಲ್ಲಿಂದ ಬಂತು ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಾನಂತೂ ಅದನ್ನು ನನ್ನದೇ ಎಂದು ಲೆಕ್ಕಕ್ಕೆ ಹಿಡಿದೆ.

ಆಸ್ಪತ್ರೆಯಲ್ಲಿ ಅವಳು ಕುರ್ಚಿ ಎಳೆದುಕೊಂಡು ಡಾಕ್ಟರ್ ಮೇಡಂ ಎದುರಿಗೇ ಕೂತಳು. ಇಬ್ಬರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಮೇಡಂ ಒಂದು ಸಲ ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಒಂದು ಸಲ ಪೆನ್ನು ಕೆಳಗಿಟ್ಟು ಪಲ್ಲವಿಯ ಕೈಯನ್ನು ಮುಟ್ಟಿದರು. ನಾನೂ ಕಸ್ತೂರಿಯೂ ಡಬ್ಬಿಂಗ್ ಇಲ್ಲದ ಸಿನಿಮಾ ನೋಡುವವರ ಹಾಗೆ ಮುಖಗಳನ್ನು ನೋಡುತ್ತಾ ಕೂತೆವು. ಕೊನೆಗೆ ಪಲ್ಲವಿ ನಮ್ಮ ಕಡೆ ತಿರುಗಿ, ಔಷಧ ಹೊಂದಿಕೊಂಡಿದೆಯಂತೆ, ಇದನ್ನೇ ಮುಂದುವರಿಸುತ್ತಾರಂತೆ, ಊಟ ಚೆನ್ನಾಗಿ ಮಾಡಬೇಕಂತೆ ಎಂದಳು. ಅಷ್ಟೇ. ಅಷ್ಟು ಉದ್ದದ ಮಾತು ಇಷ್ಟು ಗಿಡ್ಡವಾದದ್ದನ್ನು ಕಂಡು ನನಗೆ ಅರ್ಥವಾಯಿತು. ತಾಯಿಯ ಮುಖ ನೋಡುತ್ತಾ ನೋಡುತ್ತಾ ನನ್ನ ಮಗಳೂ ಸಿನಿಮಾದವಳಾಗಿದ್ದಳು. ನನಗೆ ಸಿಟ್ಟು ಬರಲಿಲ್ಲ. ಪುಸ್ತಕದ ಪರವಾಗಿ ಅಷ್ಟು ಗಟ್ಟಿಯಾಗಿ ನಿಂತಿದ್ದವಳು, ಹೇಳುವ ಕೆಲಸ ತನ್ನ ಪಾಲಿಗೆ ಬಂದ ಮೊದಲ ದಿನವೇ ಪುಟ ಹಾರಿಸಿದ್ದಳು. ಎದುರಿಗಿರುವವರು ನಮ್ಮವರಾದರೆ ಕೈ ತಾನಾಗಿ ಕತ್ತರಿಯ ಕಡೆ ಹೋಗುತ್ತದೆ.

ಸೀವುಡ್ಸ್ ಸ್ಟೇಷನ್ನಿನಲ್ಲಿ ಠಾಣೆ ಊರಿನ ಕಡೆ ಹೋಗುವ ಲೋಕಲ್ ರೈಲಿಗೆ ಕಾಯುತ್ತಾ ಕಲ್ಲು ಬೆಂಚಿನ ಮೇಲೆ ಕೂತೆವು. ಕಸ್ತೂರಿ ನಡುವೆ, ನಾವಿಬ್ಬರು ಆಚೆ ಈಚೆ. ಅವಳು ಕೈಯಲ್ಲಿದ್ದ ಚಹಾದ ಲೋಟವನ್ನು ಊದುತ್ತಾ ಮಗಳ ಕಡೆ ನೋಡದೆ ಕೇಳಿದಳು.

"ಡಾಕ್ಟರ್ ಮೇಡಂ ಅಷ್ಟೊತ್ತು ಮಾತಾಡಿದ್ಲು. ನೀ ಮೂರ ಮಾತ ಹೇಳಿದಿ. ಉಳಿದದ್ದನ್ನ ಯಾರು ನುಂಗಿದ್ರು?"

ಪಲ್ಲವಿ ನನ್ನ ಮುಖ ನೋಡಿದಳು.

"ಅವರನ್ನ ಏನ ನೋಡ್ತಿ, ಅವರು ಮೊದಲಿಂದ ಹಂಗ," ಎಂದಳು ಕಸ್ತೂರಿ. "ಗಡ್ಡಿ ಇರೂದು ನನ್ನ ಹೊಟ್ಟ್ಯಾಗ. ಪೂರಾ ಹೇಳು."

ಪಲ್ಲವಿ ಹೇಳಿದಳು. ಮೂರು ಭಾಷೆ ಬೇಕಾದವು. ಔಷಧ ತಡೆದು ಹಿಡಿಯುತ್ತದೆ, ತೆಗೆದು ಹಾಕುವುದಿಲ್ಲ. ಎಷ್ಟು ಕಾಲ ತಡೆಯುತ್ತದೆ ಎಂಬುದು ಯಾರಿಗೂ ತಿಳಿಯದು. ಒಂದು ದಿನ ತಡೆಯುವುದನ್ನು ನಿಲ್ಲಿಸುತ್ತದೆ. ಆ ದಿನ ದೂರವಿರಲೂಬಹುದು, ಇಲ್ಲದಿರಲೂಬಹುದು. ಕನ್ನಡ ಸಿಗದ ಕಡೆ ಅವಳು ತಡವರಿಸಿದಾಗ ಕಸ್ತೂರಿಯೇ ಶಬ್ದ ಹುಡುಕಿ ಕೊಟ್ಟಳು. ತನ್ನ ಸಾವಿನ ಮಾತಿಗೆ ತಾನೇ ಶಬ್ದ ಎತ್ತಿ ಕೊಡುತ್ತಿದ್ದಳು ನನ್ನ ಹೆಂಡತಿ. ಒಂದು ಗಾಡಿ ಬಂತು, ಹೋಯಿತು. ನಾವು ಹತ್ತಲಿಲ್ಲ. ಗುಂಪಿಗೆ ದುಃಖ ತಡೆಯುವುದಿಲ್ಲ ಎಂದು ಕ್ಯಾಬಿನ್ನಿನಲ್ಲಿ ಕೂತು ಕಂಡುಹಿಡಿದಿದ್ದೆನಲ್ಲ, ಅದು ತಪ್ಪು. ಮೂವರು ಒತ್ತಿ ಕೂತರೆ ಒಂದು ಬೆಂಚಿನ ಮೇಲೆ ಅದು ಹಿಡಿಸುತ್ತದೆ.

ಎಲ್ಲ ಮುಗಿದ ಮೇಲೆ ಕಸ್ತೂರಿ ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ಆ ಬಸ್ಸಿನ ಹೆಂಗಸು ಸತ್ತ ಮೇಲೆ ಪುಸ್ತಕ ಅಲ್ಲಿಗೇ ಮುಗಿಯಿತೇ ಎಂದು ಕೇಳಿದಳು. ಇಲ್ಲ, ಇನ್ನೂ ಬಹಳ ಪುಟಗಳಿವೆ, ತಾನು ಅಲ್ಲಿಗೇ ಬಿಟ್ಟಿದ್ದೇನೆ ಎಂದಳು ಪಲ್ಲವಿ.

"ಬಿಟ್ಟರ ಹೆಂಗ? ಆ ಹುಡುಗಿ ಮುಂದ ಏನ ಮಾಡಿದ್ಲು ಅನ್ನೂದು ನಂಗ ಬೇಕು. ನೀ ಓದಿ ನಂಗ ಹೇಳು."

ಪರೀಕ್ಷೆ ಮುಗಿದಿದೆ. ಈಗ ದಿನಾ ಸಂಜೆ ನಾನು ದಿವಾ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಮನೆ ಮುಟ್ಟುವ ಹೊತ್ತಿಗೆ ಇಬ್ಬರೂ ನನಗಾಗಿ ಕಾಯುತ್ತಾ ಕೂತಿರುತ್ತಾರೆ. ಪಲ್ಲವಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾಳೆ, ಆಮೇಲೆ ತನ್ನ ಮುರುಕು ಕನ್ನಡದಲ್ಲಿ ಹೇಳುತ್ತಾಳೆ. ತಾಯಿ ಇಲ್ಲದ ಆ ಪುಟಗಳನ್ನು ಸಿನಿಮಾದವರು ಏಕೆ ಬಿಟ್ಟರು ಎಂದು ನನಗೆ ತಿಳಿಯುತ್ತದೆ. ಅಲ್ಲಿ ಹೆಚ್ಚೇನೂ ಆಗುವುದಿಲ್ಲ. ಹುಡುಗಿ ಬೆಳಿಗ್ಗೆ ಏಳುತ್ತಾಳೆ. ಒಂದು ದಿನ ಹಾಲು ಉಕ್ಕಿಸುತ್ತಾಳೆ. ಹೊಸ ಡ್ರೈವರ್ ಬಂದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಾಳೆ. ಕಸ್ತೂರಿ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ, ನಡುನಡುವೆ ಆ ಹುಡುಗಿಗೆ ಬುದ್ಧಿ ಹೇಳುತ್ತಾಳೆ, ಹಾಲಿನ ಮುಂದೆ ನಿಂತು ಬೇರೆ ಕಡೆ ನೋಡಬಾರದು ಎನ್ನುತ್ತಾಳೆ. ಪಲ್ಲವಿ ತಲೆ ಆಡಿಸುತ್ತಾಳೆ.

ಆದರೆ ಒಂದು ಪುಟಕ್ಕಿಂತ ಹೆಚ್ಚು ಓದಲು ಕಸ್ತೂರಿ ಬಿಡುವುದಿಲ್ಲ. ಕಥೆ ಎಷ್ಟೇ ಕುತೂಹಲದ ಕಡೆ ನಿಂತಿರಲಿ, ಇವತ್ತಿಗೆ ಸಾಕು, ಉಳಿದದ್ದು ನಾಳೆಗಿರಲಿ ಎಂದು ಪುಸ್ತಕವನ್ನು ತಾನೇ ಮುಚ್ಚುತ್ತಾಳೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವುದು ನನ್ನ ಹುಟ್ಟುಗುಣದಲ್ಲೇ ಇಲ್ಲ. ಕೊನೆಯ ಲಾರಿ ಖಾಲಿಯಾಗದೆ ನಾನು ಮಾರ್ಕೆಟ್ಟು ಬಿಟ್ಟವನಲ್ಲ. ಈ ಪುಸ್ತಕದ ಮಟ್ಟಿಗೆ ಮಾತ್ರ, ದಿನಾ ಸಂಜೆ ಇನ್ನೆಷ್ಟು ದಪ್ಪ ಉಳಿದಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ, ಕೆಲಸ ಬಾಕಿ ಇರುವುದಕ್ಕೆ ಸಂತೋಷಪಡುವುದನ್ನು ಕಲಿಯುತ್ತಿದ್ದೇನೆ.